ಮೂರು ಮೂಗು, ಒಂದು ಮಿಷಿನ್

ಇದು ಶುರುವಾದದ್ದು ಅವರೆಕಾಯಿ ಕಾಲದಲ್ಲಿ, ಬೆಳಗಿನ ಹತ್ತು ಗಂಟೆಗೆ.

"ಮುನಿಕೆಂಪಮ್ಮಂಗೆ ಮೀಸೆ ಯಾವಾಗ ಬಂತ್ರೀ?"

ಬೂಟು ಕಳಚದೆ ಒಳಗೆ ಬಂದವರು ಹಾಗೆ ಕೇಳಿದರು. ಕೈಯಲ್ಲಿ ಫೈಲು, ಕೊರಳಲ್ಲಿ ಫೋಟೋ ಇರುವ ಕಾರ್ಡು. ಸರ್ಕಾರದ ಆರೋಗ್ಯ ವಿಮೆಯ ತಪಾಸಣೆ ಅಧಿಕಾರಿ, ಜಯಂತ್ ಅಂತ ಹೆಸರು. ಶೀಟಿನ ಮನೆಯ ಮೂಲೆಯಲ್ಲಿ ಆಕ್ಸಿಜನ್ ಮಿಷಿನ್ನು ಗುರ್ರೆನ್ನುತ್ತಿತ್ತು. ಅದರ ಪಕ್ಕ ಗೋಡೆಗೆ ಒರಗಿ ಕೂತಿದ್ದವನು ಸಂಗಪ್ಪ. ಮಿಷಿನ್ನಿನ ಪೈಪು ಅವನ ಮೂಗಿನಲ್ಲಿತ್ತು. ಪೈಪಿನ ಕೆಳಗೆ ಬಿಳಿ ಮೀಸೆ.

"ಕಾರ್ಡಲ್ಲಿ ಹೆಂಗಸು ಅಂತಿದೆ. ಇಲ್ನೋಡಿದ್ರೆ ಗಂಡಸು ಕೂತಿದೆ. ಯಾವನಯ್ಯಾ ನೀನು?"

ಸಂಗಪ್ಪನಿಗೆ ಒಂದು ಮಾತಿಗೆ ಎರಡು ಉಸಿರು ಬೇಕು. "ನಾ... ಸಂಗಪ್ಪ ರೀ ಸಾಹೇಬ್ರ. ಈಗ... ನನ್ನ ಪಾಳಿ ಐತ್ರಿ."

"ಪಾಳೀನಾ? ಇದೇನು ಬೀದಿ ನಲ್ಲೀನಾ?"

ಮುನಿಕೆಂಪಮ್ಮ ಹೊರಗೆ ಬಿಸಿಲಿನಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಎದ್ದು ಬರಲು ಅವಳಿಗೆ ಹೊತ್ತು ಹಿಡಿಯಿತು. ಬಾಗಿಲ ಚೌಕಟ್ಟು ಹಿಡಿದು ನಿಂತು, "ನಾನೇ ಸ್ವಾಮಿ ಮುನಿಕೆಂಪಮ್ಮ. ಮೀಸೆ ಬರ್ಲಿಲ್ಲ. ಬಂದಿದ್ರೆ ಕೂಲಿನಾದ್ರೂ ಗಂಡಸ್ರಷ್ಟು ಕೊಡೋರು," ಅಂದಳು.

ಮಂಚದ ಮೇಲೆ ಮಲಗಿದ್ದ ರೆಹಾನಾ ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಜಯಂತ್ ನಗಲಿಲ್ಲ. ಮಿಷಿನ್ನಿನ ಹಿಂದೆ ಬಗ್ಗಿ ಗಂಟೆ ತೋರಿಸುವ ಮೀಟರು ನೋಡಿದರು. ಮುಟ್ಟಬೇಕಾದಾಗ ಜೇಬಿನಿಂದ ಕರವಸ್ತ್ರ ತೆಗೆದು ಅದರಲ್ಲಿ ಹಿಡಿದರು.

"ಡಾಕ್ಟ್ರು ಬರ್ದಿರೋದು ದಿನಕ್ಕೆ ಹದಿನಾರು ಗಂಟೆ. ಇದು ಇಪ್ಪತ್ಮೂರು, ಇಪ್ಪತ್ನಾಲ್ಕು ಓಡಿದೆ. ಏನಮ್ಮ, ಅಂಗಡಿ ಇಟ್ಕೊಂಡಿದ್ದೀಯಾ?"

ಆಗ ಬಾಯಿ ಬಿಟ್ಟವನು ನಾನು. ನಾನು ಮಾತು ಕಮ್ಮಿಯವನು. ಅವತ್ತೂ ಸುಮ್ಮನಿರಬೇಕಾಗಿತ್ತು.

"ಒಂದ್ ಗಳಿಗೇನೂ ಖಾಲಿ ಬಿಟ್ಟಿಲ್ಲ ಸ್ವಾಮಿ. ಬೇಕಾದ್ರೆ ಗೋಡೆ ನೋಡಿ," ಅಂತ ತೋರಿಸಿದೆ. ಹೆಮ್ಮೆಯಿಂದಲೇ ತೋರಿಸಿದೆ.

ಗೋಡೆಯ ತುಂಬ ಇದ್ದಿಲಲ್ಲಿ ಮೂರು ಪಟ್ಟಿ ಇತ್ತು. ನಾನು ಎರಡನೇ ಕ್ಲಾಸಿಗೆ ಬಿಟ್ಟವನು, ಪೂರ್ತಿ ಹೆಸರು ಬರೆಯಲು ಕೈ ತಿರುಗುವುದಿಲ್ಲ. ಮು, ಸಂ, ರೆ ಅಂತ ಬರೆದು, ಯಾರು ಎಷ್ಟು ಗಂಟೆ ಕೂತರೋ ಅಷ್ಟು ಗೆರೆ ಎಳೆದಿದ್ದೆ. ಐದು ತಿಂಗಳ ಗೆರೆ. ಮಿಷಿನ್ನು ವ್ಯರ್ಥವಾಗಿಲ್ಲ ಅನ್ನುವುದಕ್ಕೆ ಸಾಕ್ಷಿ ಅಂತ ಒಂದನ್ನೂ ಅಳಿಸಿರಲಿಲ್ಲ.

ಜಯಂತ್ ಫೋನು ತೆಗೆದು ಆ ಗೋಡೆಯ ಫೋಟೋ ತೆಗೆದುಕೊಂಡರು. ಹತ್ತಿರದಿಂದ ಒಂದು, ದೂರದಿಂದ ಒಂದು.

"ರೆ ಅಂದ್ರೆ ಯಾರು?"

"ನಾನು ಸಾಬ್. ರೆಹಾನಾ."

"ಇವಳ ಮೂಗಿಂದ ತೆಗ್ದು ಅವನ ಮೂಗಿಗೆ. ಅವನ ಮೂಗಿಂದ ತೆಗ್ದು ನಿನ್ನ ಮೂಗಿಗೆ. ಥೂ! ಜಾತಿ ಗೀತಿ ಹಾಳಾಗೋಗ್ಲಿ, ಒಂದ್ ಕ್ಲೀನು ಅನ್ನೋದಾದ್ರೂ ಬೇಡ್ವೇನ್ರೀ ನಿಮಗೆ?"

"ಬಿಸ್ನೀರಲ್ಲಿ ತೊಳ್ದೇ ಹಾಕ್ತೀವಿ ಸಾಬ್," ಅಂದಳು ರೆಹಾನಾ.

"ಕಾಯ್ದೇಲಿ ಬಿಸ್ನೀರು ಅಂತ ಎಲ್ಲೂ ಇಲ್ಲಮ್ಮ. ಏನಿದೆ ಅಂತ ಓದ್ತೀನಿ, ಕೇಳ್ಕೊಳ್ಳಿ." ಫೈಲು ಬಿಚ್ಚಿ ಓದಿದರು. "ಫಲಾನುಭವಿಯಲ್ಲದ ಯಾವುದೇ ವ್ಯಕ್ತಿಯು ಸದರಿ ಉಪಕರಣವನ್ನು ಬಳಸತಕ್ಕದ್ದಲ್ಲ. ಬಳಸಿದ್ದು ಕಂಡುಬಂದಲ್ಲಿ ವೆಚ್ಚ ಮರುಪಾವತಿಯನ್ನು ರದ್ದುಪಡಿಸಿ ಉಪಕರಣವನ್ನು ಹಿಂಪಡೆಯತಕ್ಕದ್ದು." ಫೈಲು ಮುಚ್ಚಿದರು. "ಸೋಮವಾರ ಗಾಡಿ ತಗೊಂಡು ಬರ್ತೀನಿ. ಅಲ್ಲೀವರೆಗೂ ಆಯಮ್ಮ ಬಿಟ್ಟು ಬೇರೆಯೋರ ಮೂಗು ಇದರಲ್ಲಿ ಕಂಡ್ರೆ ಪೊಲೀಸ್ ಕೇಸು."

ಹೋಗುವಾಗ ಬಾಗಿಲಲ್ಲಿದ್ದ ಮೊರದ ಅಂಚು ತುಳಿದರು. ಸುಲಿದ ಕಾಳು ಮಣ್ಣಿಗೆ ಚೆಲ್ಲಿತು. ತಿರುಗಿ ನೋಡಲಿಲ್ಲ.

ಅವರ ಗಾಡಿ ಮರೆಯಾಯಿತು. ಆಮೇಲೆ ಮುನಿಕೆಂಪಮ್ಮ ಕಾಳು ಆರಿಸುತ್ತಾ, "ಕುಲ್ಮೆಯಣ್ಣಾ, ನಿನ್ ಗೋಡೆಗಷ್ಟು ಬೆಂಕಿ ಆಕ," ಅಂದಳು. ಅಷ್ಟೇ ಅಂದದ್ದು.

ನಾವು ನಾಲ್ವರೂ ಹುಣಸಮಾರನಹಳ್ಳಿ ಹಿಂದಿನ ಬಂಡೆಯಲ್ಲಿ ದುಡಿದವರು. ಆ ಬಂಡೆ ಈಗ ಇಲ್ಲ. ಒಡೆದು ಒಡೆದು ಗುಂಡಿಯಾಯಿತು. ಗುಂಡಿಗೆ ಊರಿನ ಹಳೇ ಕಟ್ಟಡಗಳ ಇಟ್ಟಿಗೆ ಚೂರು ತುಂಬಿ, ಮೇಲೆ ಮಣ್ಣು ಹಾಕಿ ಸೈಟು ಮಾಡಿದರು. ದಂಡೆಯಲ್ಲಿ ನಮ್ಮ ಶೀಟಿನ ಮನೆಗಳು ಉಳಿದಿವೆ. ನೆತ್ತಿಯ ಮೇಲೆ ವಿಮಾನ ಇಳಿಯುವಾಗ ಶೀಟು ಅದುರುತ್ತದೆ.

ನಾನು ಕುಲುಮೆಯವನು. ಮೊಂಡಾದ ಉಳಿಗಳನ್ನು ಕಾಯಿಸಿ ಚೂಪು ಮಾಡುವುದು ನನ್ನ ಕೆಲಸ. ಕುಲುಮೆ ಬಂಡೆಯಿಂದ ದೂರ, ಗಾಳಿಯ ಮೇಲ್ಬದಿಗೆ ಇತ್ತು. ಅದಕ್ಕೇ ನನ್ನ ಎದೆಗೆ ಏನೂ ಆಗಲಿಲ್ಲ. ನಾನು ಚೂಪು ಮಾಡಿ ಕೊಟ್ಟ ಉಳಿಯಲ್ಲೇ ಅವರು ಕಲ್ಲು ತೂತು ಮಾಡಿದರು, ಆ ದೂಳನ್ನೇ ಕುಡಿದರು. ಸಂಗಪ್ಪ ಇಳಕಲ್ ಕಡೆಯವನು. ಕಲ್ಲಿನ ನಾಡಿಯಲ್ಲಿ ಎಲ್ಲಿ ಹೊಡೆದರೆ ಸೀಳುತ್ತದೆ ಅಂತ ಕೈಯಿಟ್ಟು ಹೇಳುತ್ತಿದ್ದ. ಮುನಿಕೆಂಪಮ್ಮ ಜಲ್ಲಿ ಒಡೆದಳು. ರೆಹಾನಾ ಕ್ರಷರಿನ ಬಾಯಿಗೆ ಕಲ್ಲು ಹಾಕಿದಳು.

ಬಂಡೆಯಲ್ಲಿ ದೊಡ್ಡ ಸುತ್ತಿಗೆ ಇದ್ದದ್ದು ಒಂದೇ. ಹೊಡೆಯುವವನಿಗೆ ತೋಳು ಸೋತಾಗ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಸುತ್ತಿಗೆಯನ್ನು ನೆಲಕ್ಕಿಟ್ಟು ಹಿಡಿಯನ್ನು ಪಕ್ಕದವನ ಕಡೆ ತಿರುಗಿಸುತ್ತಿದ್ದ. ತಿರುಗಿಸಿದ ಮೇಲೆ ಪಕ್ಕದವನು ಒಲ್ಲೆ ಅನ್ನುವಂತಿಲ್ಲ. ಇವನೂ ಇನ್ನೊಂದು ಏಟು ಅಂತ ಹಿಡಿದುಕೊಳ್ಳುವಂತಿಲ್ಲ. ಪಕ್ಕದಲ್ಲಿ ನಿಂತವನು ಯಾರು, ಯಾವ ಜನ ಅಂತ ನೋಡುವ ಪದ್ಧತಿ ಇರಲಿಲ್ಲ.

ಹೋದ ವರ್ಷ ಹೊಸ ಕಾಯ್ದೆ ಬಂತು. ಬಡವರ ವಿಮೆಯಲ್ಲಿ ಆಸ್ಪತ್ರೆ ಖರ್ಚಷ್ಟೇ ಅಲ್ಲ, ಮನೆಯಲ್ಲಿಟ್ಟುಕೊಳ್ಳುವ ಮಿಷಿನ್ನಿನ ಖರ್ಚನ್ನೂ ಸರ್ಕಾರವೇ ಭರಿಸುತ್ತದೆ ಅಂತ. ಬಂಡೆಯ ಮಾಲೀಕನಾಗಿದ್ದ ಉಪೇಂದ್ರ ರಸ್ತೆ ತುಂಬ ಫ್ಲೆಕ್ಸ್ ಹಾಕಿಸಿದ. ಅದರಲ್ಲಿ ಅವನೇ ಕೈ ಮುಗಿದು ನಿಂತಿದ್ದ. 'ಉಸಿರು ನೀಡಿದ ಸರ್ಕಾರಕ್ಕೆ ಅಭಿನಂದನೆ' ಅಂತ ಬರೆದಿತ್ತು.

ಮುನಿಕೆಂಪಮ್ಮನ ಕಾರ್ಡು ಸರಿಯಿತ್ತು. ಸಂಜಯನಗರದ ಒಂದು ಆಸ್ಪತ್ರೆಯಲ್ಲಿ ಹನ್ನೆರಡು ದಿನ ಮಲಗಿಸಿ, ಒಲೆ ಹೊಗೆಯಿಂದ ಬಂದ ಕಾಯಿಲೆ ಅಂತ ಮಿಷಿನ್ನು ಬರೆದುಕೊಟ್ಟರು. ತಂದು ಕೂರಿಸಿದ ಕಂಪನಿಯವನು ಹೇಳಿಹೋದ ಮಾತು ನನಗೆ ಚೆನ್ನಾಗಿ ನೆನಪಿದೆ. "ಅಜ್ಜಿ, ಮೀಟರ್ ಓಡ್ತಾ ಇರ್ಬೇಕು. ಸುಮ್ನೆ ಮೂಲೇಲಿಟ್ರೆ ಇವರಿಗೆ ಬೇಕಾಗಿಲ್ಲ ಅಂತ ಆಫೀಸಿನೋರು ವಾಪಸ್ ಎತ್ಕೊಂಡೋಗ್ತಾರೆ."

ನಾವು ಆ ಮಾತನ್ನು ಗಟ್ಟಿಯಾಗಿ ಹಿಡಿದೆವು. ಮುನಿಕೆಂಪಮ್ಮ ಒಲೆ ಮುಂದೆ ಕೂತಾಗ, ನಲ್ಲಿಗೆ ಹೋದಾಗ ಮಿಷಿನ್ನು ಖಾಲಿ. ಪಕ್ಕದ ಮನೆಯಲ್ಲಿ ಸಂಗಪ್ಪ ದಿಂಬು ಕಟ್ಟಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದ, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಅವಳು ಅವನನ್ನು ಕರೆಸಿದಳು. ಮಾತಾಡಲಿಲ್ಲ. ಪೈಪು ಕಿತ್ತು, ತೊಳೆದು, ಸೆರಗಿನಲ್ಲಿ ಒರೆಸಿ, ಅದರ ತುದಿಯನ್ನು ಅವನ ಕಡೆ ತಿರುಗಿಸಿ ನೆಲಕ್ಕಿಟ್ಟಳು. ಸಂಗಪ್ಪ ಎತ್ತಿಕೊಂಡ. ನಾನು ಮೊದಲ ಗೆರೆ ಎಳೆದೆ.

ಆಮೇಲೆ ರೆಹಾನಾ ಬಂದಳು. ಖಾಲಿ ಗಂಟೆಗಳು ಸಾಲಲಿಲ್ಲ. ಮುನಿಕೆಂಪಮ್ಮ ತನ್ನ ಹದಿನಾರರಲ್ಲೂ ಕೊಟ್ಟಳು. ಕೊನೆಗೆ ಅವಳಿಗೆ ಉಳಿದದ್ದು ಹತ್ತು. ಸಂಗಪ್ಪನಿಗೆ ಎಂಟು, ರೆಹಾನಾಗೆ ಆರು.

ಅವರಿಬ್ಬರೂ ಅರ್ಜಿ ಹಾಕದೆ ಇರಲಿಲ್ಲ. ರೆಹಾನಾಳ ಅಳಿಯ ಟ್ಯಾಕ್ಸಿ ತೆಗೆಯುವಾಗ ಅವಳ ಹೆಸರಲ್ಲಿ ತೆಗೆದಿದ್ದ. ಕಾರಿರುವ ಹೆಂಗಸು ಬಡವಳಲ್ಲ ಅಂತ ಕಾರ್ಡು ರದ್ದಾಗಿತ್ತು. ಸಂಗಪ್ಪನದನ್ನು ಕಲ್ಲಿನ ದೂಳಿನ ಕಾಯಿಲೆ ಅಂತ ಬರೆದರು. ಅದಕ್ಕೆ ಕಾಯ್ದೆಯಲ್ಲಿ ಬೇರೆಯೇ ಕಲಂ. ದುಡಿಸಿಕೊಂಡ ಮಾಲೀಕನಿಂದ ಪತ್ರ ತಂದರೆ ಮಾತ್ರ ಮಿಷಿನ್ನು.

ಜಯಂತ್ ಬಂದುಹೋದ ವಾರದಲ್ಲೇ, ಗುರುವಾರ ನಾನು ಮತ್ತು ಸಂಗಪ್ಪ ಉಪೇಂದ್ರನ ಆಫೀಸಿಗೆ ಹೋದೆವು. ಪತ್ರ ಸಿಕ್ಕರೆ ಅವನಿಗೆ ಬೇರೆ ಮಿಷಿನ್ನು ಬರುತ್ತದೆ, ಮುನಿಕೆಂಪಮ್ಮನದು ಉಳಿಯುತ್ತದೆ ಅಂತ ನಮ್ಮ ಲೆಕ್ಕ. ಆಫೀಸು ಮುಚ್ಚಿದ ಗುಂಡಿಯ ಮೇಲೇ ಇದೆ, ಗಾಜಿನದು. ನಮ್ಮನ್ನು ಹೊರಗೆ ಬಿಸಿಲಿನಲ್ಲಿ ನಿಲ್ಲಿಸಿದರು. ಒಳಗೆ ತಣ್ಣನೆ ನೆಲದ ಮೇಲೆ ಅವನ ನಾಯಿ ಮಲಗಿತ್ತು. ಕೊನೆಗೆ ಉಪೇಂದ್ರ ಬಾಗಿಲಿಗೇ ಬಂದ.

"ಏನ್ ಸಮಾಚಾರ ಕುಲ್ಮೆ? ಇನ್ನೂ ಬದ್ಕಿದ್ದೀಯಾ?"

ನಾನು ವಿಷಯ ಹೇಳಿದೆ.

"ಲೆಟರ್ರಾ? ಬಂಡೇಲಿ ಕೆಲ್ಸ ಮಾಡ್ದ ಅಂತಾನಾ? ಯಾವ ಬಂಡೆ? ಎಲ್ಲೈತೋ ಇಲ್ಲಿ ಬಂಡೆ, ತೋರ್ಸು!"

ಕೈ ಬೀಸಿ ತೋರಿಸಿದ. ಅಲ್ಲಿ ಹಳದಿ ಬಣ್ಣ ಬಳಿದ ಸೈಟು ಕಲ್ಲುಗಳು ಸಾಲಾಗಿ ನಿಂತಿದ್ದವು.

"ಇಪ್ಪತ್ತೆರಡು ವರ್ಸ... ದುಡದೇನ್ರಿ ಧಣಿ. ನಿಮ್ಮಪ್ಪಾರ ಕಾಲ್ದಾಗ..." ಅಂದ ಸಂಗಪ್ಪ.

"ಯಾವ ಪುಸ್ತಕದಲ್ಲೈತೆ ನಿನ್ನ ಹೆಸ್ರು? ಬೀಡಿ ಸೇದಿ ಸೇದಿ ಎದೆ ಸುಟ್ಕೊಂಡು ಈಗ ನನ್ನ ತಲೆಗೆ ಕಟ್ತೀರಾ ಬೋಳಿಮಕ್ಳಾ?"

"ಬೀಡಿ ಮುಟ್ಟಿಲ್ರಿ ನಾ. ಲಿಂಗಾ ಕಟ್ಟಿದಾವ ಅದೀನಿ."

ಉಪೇಂದ್ರ ಒಳಗಿದ್ದವರ ಕಡೆ ತಿರುಗಿ ಜೋರಾಗಿ ನಕ್ಕ. "ನೋಡ್ರಪ್ಪಾ! ಲಿಂಗ ಕಟ್ಕೊಂಡು ಸಾಬರ ಹೆಂಗಸಿನ ಎಂಜಲು ಪೈಪು ಮೂಗಿಗೆ ಸಿಗಿಸ್ಕೊಂತಾನಂತೆ. ಗೋಡೆ ಮೇಲೆ ಹಾಜರಿ ಬೇರೆ ಹಾಕ್ತಾರಂತೆ!"

ಗೋಡೆಯ ವಿಷಯ ಇವನಿಗೆ ಹೇಗೆ ತಿಳಿಯಿತು ಅಂತ ನಾನು ಕೇಳಲಿಲ್ಲ. ಅದರ ಫೋಟೋ ಇದ್ದದ್ದು ಜಯಂತರ ಫೋನಿನಲ್ಲಿ ಮಾತ್ರ.

"ಉಪೇಂದ್ರಪ್ಪ, ನೀನು ಸ್ಕೂಲ್ ಬಿಟ್ಟು ಬಂದು ನನ್ ಕುಲುಮೇಲಿ ಜೋಳ ಸುಟ್ಕೊಂಡು ತಿಂತಿದ್ದೆ. ಮದ್ದು ತುಂಬಿದ್ ಕುಳಿ ಸಿಡಿಯೋದು ನೋಡ್ಬೇಕು ಅಂತ ಇವನ ಎಗಲ ಮೇಲೆ ಕೂತ್ಕೊಂತಿದ್ದೆ," ಅಂದೆ.

"ಜೋಳದ ಬಿಲ್ಲು ಐತಾ? ಇದ್ರೆ ತಾ, ಕೊಡ್ತೀನಿ." ಆಮೇಲೆ ದನಿ ಇಳಿಸಿದ. "ಸೋಮವಾರ ಮಿಷಿನ್ ಹೋಗ್ತದೆ. ಅದರ ಹಿಂದೇನೇ ನೀವೂ ಶೀಟು ಬಿಚ್ಕೊಂಡು ಹೋಗಿ. ಮಾಕಳಿ ಕಡೆ ಎಲ್ಲಾದ್ರೂ ಸಾಯಿರಿ. ನನ್ನ ಲೇಔಟ್ ಬಾಗಿಲಲ್ಲಿ ನಿಮ್ಮ ಕೆಮ್ಮು ಕೇಳಿದ್ರೆ ಯಾವನ್ ಸೈಟ್ ತಗೋತಾನೆ?"

ವಾಪಸು ಬರುವಾಗ ಅರ್ಧ ಮೈಲಿಗೆ ಸಂಗಪ್ಪ ನಾಲ್ಕು ಸಲ ಕೂತ. ನಾಲ್ಕನೇ ಸಲ ಸೈಟು ಕಲ್ಲಿನ ಮೇಲೇ ಕೂತ. ಅಂಗೈಯಿಂದ ಅದನ್ನು ಸವರಿ, "ಅಡ್ಡ ಸೀಳ್ಯಾರ... ಹೊಡಿಯಾಕ ಬರೂದಿಲ್ಲ ಇವ್ರಿಗೆ," ಅಂದ.

ಸೋಮವಾರ ಬೆಳಿಗ್ಗೆ ಜಯಂತ್ ಬಂದರು. ಜೊತೆಗೆ ಇಬ್ಬರು ಹೋಮ್‌ಗಾರ್ಡು, ಒಂದು ಟೆಂಪೊ. ಅವತ್ತು ಮುನಿಕೆಂಪಮ್ಮನೇ ಮಿಷಿನ್ನಿಗೆ ಕೂತಿದ್ದಳು. ಜಯಂತ್ ದನಿ ಮೆತ್ತಗಾಗಿತ್ತು.

"ನೋಡಮ್ಮ, ನಿನ್ನ ಮೇಲೆ ನಂಗೇನೂ ಸಿಟ್ಟಿಲ್ಲ. ನಿಂದು ಕಾರ್ಡು ಸರಿಯಿದೆ, ಕಾಯಿಲೆ ಸರಿಯಿದೆ. ಒಂದು ಹೇಳಿಕೆ ಬರ್ಕೊಂಡು ಬಂದಿದ್ದೀನಿ. ಹೆಬ್ಬೆಟ್ಟು ಒತ್ತು. ಮಿಷಿನ್ ನಿನ್ನ ಹತ್ರಾನೇ ಇರುತ್ತೆ."

"ಏನೈತೆ ಅದ್ರಾಗೆ? ಓದಿ."

"ಓದೋದೇನಿದೆ..."

"ಓದಿ ಸ್ವಾಮಿ."

ಓದಿದರು. "ಸಂಗಪ್ಪ ಮತ್ತು ರೆಹಾನಾ ಎಂಬುವರು ನನ್ನ ಒಂಟಿತನದ ದುರುಪಯೋಗ ಪಡೆದು, ನನ್ನನ್ನು ಬೆದರಿಸಿ, ಸದರಿ ಯಂತ್ರವನ್ನು ಬಲವಂತವಾಗಿ ಕಿತ್ತುಕೊಂಡು ಬಳಸಿರುತ್ತಾರೆ. ಅವರ ವಿರುದ್ಧ ಕಾನೂನು ಕ್ರಮ ಕೈಗೊಂಡು ಸದರಿ ಜಾಗದಿಂದ ತೆರವುಗೊಳಿಸಬೇಕಾಗಿ ಕೋರಿಕೆ."

ಬಾಗಿಲಲ್ಲಿ ನಿಂತಿದ್ದ ಸಂಗಪ್ಪ ತಲೆ ಎತ್ತಿದ. "ಒತ್ತಿಬಿಡು ಯಕ್ಕಾ. ನೀ... ಒಬ್ಬಾಕಿಯಾದ್ರೂ ಇರು."

ರೆಹಾನಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

ಮುನಿಕೆಂಪಮ್ಮ ಹೆಬ್ಬೆಟ್ಟು ಮುಂದೆ ಚಾಚಿದಳು. ಹೋಮ್‌ಗಾರ್ಡು ಇಂಕಿನ ಡಬ್ಬಿ ಹಿಡಿದ. ಅವಳು ಬೆರಳು ಅದ್ದಿದಳು. ಅವಳು ಒತ್ತಲಿ ಅಂತ ಬಯಸಿದೆನೋ ಬೇಡ ಅಂತಲೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಅವಳು ಆ ಕೈಯಲ್ಲೇ ತನ್ನ ಮೂಗಿನ ಪೈಪು ಕಿತ್ತಳು. "ಬಾರೋ ಸಂಗಪ್ಪ." ಅವನನ್ನು ಎಳೆದು ಕೂರಿಸಿ ಪೈಪನ್ನು ಅವನ ಮೂಗಿಗೆ ಸಿಗಿಸಿದಳು. ಪೈಪಿನ ಮೇಲೂ ಅವನ ಮೀಸೆಯ ಮೇಲೂ ಇಂಕು ಮೆತ್ತಿಕೊಂಡಿತು.

"ಈಗ ತೆಗಿಯೋ ಫೋಟೋವ! ಸೂಳೇಮಗ್ನೆ, ನನ್ ಒಂಟಿತನ ನಿಂಗೇನೋ ಗೊತ್ತು? ಇಪ್ಪತ್ತು ವರ್ಸ ಇವ್ರ ಜೊತೆ ಒಂದೇ ಬಿಂದಿಗೇಲಿ ನೀರು ಕುಡ್ದೀನಿ. ನಾನ್ ಯಾವತ್ತೋ ಒಂಟಿ ಇದ್ದೆ?"

"ಬಾಯಿ ಮುಚ್ಚು! ಎತ್ರೋ ಮಿಷಿನ್ನ!"

"ಎತ್ಕೋ. ಅದೆಲ್ಲಿಗೋಯ್ತದೋ ನಾವೂ ಅಲ್ಲಿಗೇ."

ಹಾಗೇ ಆಯಿತು. ಟೆಂಪೊ ಮುಂದೆ, ಅದರ ಹಿಂದೆ ರೆಹಾನಾಳ ಅಳಿಯನ ಟ್ಯಾಕ್ಸಿ. ಅವಳನ್ನು ಬಡವರ ಪಟ್ಟಿಯಿಂದ ತೆಗೆಸಿದ್ದ ಅದೇ ಟ್ಯಾಕ್ಸಿಯಲ್ಲಿ ನಾಲ್ವರೂ ಕೂತೆವು. "ಸಾಹುಕಾರ್ತಿ ಕಾರು, ಮೆತ್ತಗೆ ಕೂತ್ಕೊಳ್ಳಿ," ಅಂದಳು ರೆಹಾನಾ. ಸಂಗಪ್ಪ ನಗಲು ಹೋಗಿ ಕಿಟಕಿಗೆ ಮುಖ ಕೊಟ್ಟ.

ವಿಮೆ ಆಫೀಸು ಯಲಹಂಕದಲ್ಲಿ, ಒಂದು ಬಾಡಿಗೆ ಕಟ್ಟಡದ ನೆಲಮಹಡಿ. ಮಿಷಿನ್ನನ್ನು ಹಾಲ್‌ನ ಮೂಲೆಗೆ ತಂದಿಟ್ಟರು. ಅಲ್ಲಿ ಹಾಗೆ ಹಿಂದಕ್ಕೆ ತಂದ ಮಿಷಿನ್ನುಗಳು ಇನ್ನೂ ಏಳೆಂಟು ದೂಳು ಹಿಡಿದು ನಿಂತಿದ್ದವು. ಯಾರ ಮೂಗಿಂದ ಕಿತ್ತು ತಂದವೋ. ಮುನಿಕೆಂಪಮ್ಮ ಯಾರನ್ನೂ ಕೇಳಲಿಲ್ಲ. ಜಯಂತರ ಮೇಜಿನ ಪಕ್ಕದ ಪ್ಲಗ್ಗಿಗೆ ವಯರು ಸಿಕ್ಕಿಸಿ, ಸ್ವಿಚ್ಚು ಒತ್ತಿ, ನೆಲದ ಮೇಲೆ ಕೂತಳು. ಮಿಷಿನ್ನು ಗುರ್ರೆಂದಿತು.

"ಏಯ್, ಅದು ಸರ್ಕಾರದ ಕರೆಂಟು!" ಅಂತ ಜವಾನ ಓಡಿಬಂದ.

"ನಾನೇನ್ ನಿಮ್ಮಪ್ಪನ್ ಮನೆ ಕರೆಂಟು ಅಂದ್ನಾ?"

ಸಾಲಿನಲ್ಲಿ ನಿಂತಿದ್ದ ಜನ ಫೋನು ಎತ್ತಿ ಹಿಡಿದರು. ಜಯಂತ್ ಜವಾನನನ್ನು ಹಿಂದಕ್ಕೆ ಕರೆದರು. "ಮುಟ್ಬೇಡಿ. ಸತ್ತುಗಿತ್ತು ಹೋದ್ರೆ ನಮ್ಮ ತಲೆಗೆ ಬರುತ್ತೆ. ಬೇಜಾರಾದ್ರೆ ಅವರೇ ಎದ್ದು ಹೋಗ್ತಾರೆ."

ನಾವು ಏಳಲಿಲ್ಲ. ಸೋಮವಾರ ಕಳೆಯಿತು, ರಾತ್ರಿ ಹೋಮ್‌ಗಾರ್ಡನ್ನು ಕಾವಲಿಟ್ಟು ಅವರೇ ಹೋದರು. ಮಂಗಳವಾರ ಕೂಲಿಕಾರರ ಸಂಘದವರು ಕೆಲವರು ಬಂದು ಅನ್ನದ ಪೊಟ್ಟಣ ಕೊಟ್ಟರು. ಪೇಪರಿನವನೊಬ್ಬ ಬಂದು ಹೆಸರು ಕೇಳಿ ಬರೆದುಕೊಂಡ. ಮುನಿಕೆಂಪಮ್ಮ, ಸಂಗಪ್ಪ, ರೆಹಾನಾ ಆ ನೆಲದ ಮೇಲೇ ಪಾಳಿ ತಪ್ಪದೆ ಕೂತರು. ಮೂಲೆಯಲ್ಲಿರುವ ಬೇರೆ ಮಿಷಿನ್ನುಗಳನ್ನು ಕೊಡಿ, ಹೇಗೂ ಸುಮ್ಮನೆ ನಿಂತಿವೆ ಅಂತ ನಾನು ಜಯಂತರನ್ನು ಎರಡು ಸಲ ಕೇಳಿದೆ. ಅವು ನಿಮ್ಮ ಹೆಸರಿಗೆ ಹಂಚಿಕೆಯಾಗಿಲ್ಲ ಅಂದರು.

ಬುಧವಾರ ಮಧ್ಯಾಹ್ನ ಒಂದೂವರೆಗೆ ಊಟಕ್ಕೆ ಬಿಟ್ಟಿತು. ಸಂಗಪ್ಪನ ಪಾಳಿ. ಬೆಳಗಿನಿಂದ ಅವನ ಉಗುರು ನೀಲಿಯಾಗಿತ್ತು, ಮುನಿಕೆಂಪಮ್ಮ ತನ್ನ ಗಂಟೆಗಳನ್ನೂ ಅವನಿಗೇ ಬಿಟ್ಟಿದ್ದಳು. ಜಯಂತ್ ಡಬ್ಬಿ ಹಿಡಿದು ಒಳಕೋಣೆಗೆ ಹೋದರು. ಸ್ವಲ್ಪ ಹೊತ್ತಿಗೆ ಹಾಲ್‌ನ ಫ್ಯಾನು ನಿಂತಿತು. ಮಿಷಿನ್ನು ಕೀಂ ಕೀಂ ಅಂತ ಕೂಗಿ ಸುಮ್ಮನಾಯಿತು.

ನಾನು ಎದ್ದು ಹೊರಗೆ ಓಡಿದೆ. ಬೀದಿಯ ಅಂಗಡಿಗಳಲ್ಲಿ ಲೈಟು ಉರಿಯುತ್ತಿತ್ತು. ಮೀಟರ್ ಬೋರ್ಡಿನ ಮುಂದೆ ಜವಾನ ಕೈ ಕಟ್ಟಿ ನಿಂತಿದ್ದ.

"ಆಕಪ್ಪಾ, ಮೇನು ಆಕು. ಒಳಗೆ ಜೀವ ಓಯ್ತಾ ಐತೆ."

"ಊಟದ ಹೊತ್ತಲ್ಲಿ ಆಫ್ ಮಾಡು ಅಂತ ಸಾಹೇಬ್ರು ಹೇಳವ್ರೆ. ಅರ್ಧ ಗಂಟೆ. ಆಗ್ಲಾದ್ರೂ ಎದ್ದು ಹೋಗ್ಲಿ ಅಂತ."

ಅವನನ್ನು ತಳ್ಳಲು ಹೋದೆ. ನನ್ನ ತೋಳಿನಲ್ಲಿ ಕಸುವಿರಲಿಲ್ಲ. ಅವನು ನನ್ನನ್ನು ಒಂದೇ ಕೈಯಲ್ಲಿ ಗೋಡೆಗೆ ಒತ್ತಿ ಹಿಡಿದ. ಒಳಗಿನಿಂದ ಮುನಿಕೆಂಪಮ್ಮ ಕೂಗುವುದು ಕೇಳಿಸುತ್ತಿತ್ತು. ರೆಹಾನಾ ಒಳಕೋಣೆಯ ಬಾಗಿಲು ಬಡಿಯುವುದೂ ಕೇಳಿಸುತ್ತಿತ್ತು.

ಅರ್ಧ ಗಂಟೆಯಾದ ಮೇಲೆ ಅವನು ಮೇನು ಹಾಕಿದ. ನಾನು ಒಳಗೆ ಬಂದೆ. ಫ್ಯಾನು ತಿರುಗುತ್ತಿತ್ತು. ಮಿಷಿನ್ನು ಗುರ್ರೆನ್ನುತ್ತಾ ಸಂಗಪ್ಪನ ಮೂಗಿಗೆ ಗಾಳಿ ಕೊಡುತ್ತಿತ್ತು. ಅವನ ತಲೆ ಮುನಿಕೆಂಪಮ್ಮನ ತೊಡೆಯ ಮೇಲಿತ್ತು. ಬಾಯಿ ತೆರೆದಿತ್ತು. ಎದೆ ಏಳುತ್ತಿರಲಿಲ್ಲ.

ಜಯಂತ್ ಕೈ ಒರೆಸಿಕೊಳ್ಳುತ್ತಾ ಬಂದು ನೋಡಿ ಬಿಳುಚಿಕೊಂಡರು. ಹೋಮ್‌ಗಾರ್ಡನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು. "ಬೇಗ ಗಾಡಿಗೆ ಹಾಕಿ. ಆಸ್ಪತ್ರೆಗೆ ಹೋಗೋ ದಾರೀಲಿ ಹೋಯ್ತು ಅಂತ ಬರೆಸೋಣ."

ಮುನಿಕೆಂಪಮ್ಮನಿಗೂ ಕೇಳಿಸಿತು. ಸಂಗಪ್ಪನ ತಲೆಯನ್ನು ನೆಲಕ್ಕಿಳಿಸಿ ಎದ್ದಳು. ಮೂರು ದಿನದಿಂದ ಕೂತಲ್ಲೇ ಕೂತಿದ್ದವಳು ಬಾಗಿಲವರೆಗೆ ಯಾರನ್ನೂ ಹಿಡಿಯದೆ ನಡೆದಳು.

"ನನ್ ಗಂಡನ್ನ ಇಂಗೇ ಎತ್ತಿದ್ರು. ಬಂಡೇಲ್ ಕುಳಿ ಸಿಡಿದು ಸತ್ತೋನ್ನ ಟ್ರಾಕ್ಟರಿಗಾಕ್ಕೊಂಡೋಗಿ ಟಾರ್ ರೋಡಲ್ ಮಲಗ್ಸಿ, ಲಾರಿ ಗುದ್ತು ಅಂತ ಬರ್ಸಿದ್ರು. ನಾನಾಗ ಹೆಬ್ಬೆಟ್ಟು ಒತ್ತಿದ್ದೆ. ಇವತ್ತು ಯಾವ ಲೌಡಿಮಗ ಎತ್ತುತಾನೋ ಎತ್ತಲಿ, ನೋಡ್ತೀನಿ!"

ಬಾಗಿಲಿಗೆ ಅಡ್ಡ ಕೂತಳು. ರೆಹಾನಾ ಅವಳ ಪಕ್ಕ ಕೂತಳು. ಕೆಮ್ಮುತ್ತಲೇ ಬಾಗಿಲ ಚಿಲಕ ಒಳಗಿನಿಂದ ಹಾಕಿದಳು.

"ಅಮ್ಮ, ದಾರಿ ಬಿಡಿ. ದಯವಿಟ್ಟು ಎದ್ದೇಳಿ," ಅಂದರು ಜಯಂತ್. ಮುನಿಕೆಂಪಮ್ಮನಿಗೆ ಅವರ ಬಾಯಿಂದ 'ಬಿಡಿ', 'ಎದ್ದೇಳಿ' ಬಂದದ್ದು ಅದೇ ಮೊದಲು.

"ಬರಿ. ಎಲ್ ಸತ್ತ ಅಂತ ಬರಿ. ನಿನ್ ಆಫೀಸಲ್ಲಿ, ನಿನ್ ಮೇಜಿನ್ ಕೆಳಗೆ, ನೀನ್ ಅನ್ನ ತಿನ್ನೋವಾಗ ಅಂತ ಬರಿ. ಹೆಸ್ರು ಸಂಗಪ್ಪ. ಕೆಲ್ಸ ಬಂಡೆ ಕೆಲ್ಸ. ಬರ್ದು ಸೀಲ್ ಒತ್ತು. ಆಮೇಲ್ ಬಾಗ್ಲು."

ಹೊರಗೆ ಜನ ಸೇರಿದ ಸದ್ದು ಜಾಸ್ತಿಯಾಯಿತು. ಪೊಲೀಸ್ ಜೀಪು ಬಂದು ನಿಂತಿತು, ಯಾರೋ ಲಾಠಿಯಿಂದ ಬಾಗಿಲು ಬಡಿದರು. ಜಯಂತ್ ಕುರ್ಚಿಯಲ್ಲಿ ಕೂತರು. ಪೆನ್ನು ಕೈಯಲ್ಲಿತ್ತು, ಕಾಗದ ಮುಂದಿತ್ತು. ಬರೆಯಲಿಲ್ಲ. ಮುನಿಕೆಂಪಮ್ಮನ ಉಸಿರು ಸೀಟಿಯ ಹಾಗೆ ಕೇಳುತ್ತಿತ್ತು. ನಾನು ಸಂಗಪ್ಪನ ಮೂಗಿನಿಂದ ಪೈಪು ತೆಗೆದು, ತೊಳೆಯಲು ನೀರಿರಲಿಲ್ಲ, ಹಾಗೇ ಅವಳ ಕಡೆ ಚಾಚಿದೆ. ಪೈಪು ಬಾಗಿಲವರೆಗೆ ಎಟುಕಲಿಲ್ಲ.

ಅವತ್ತು ಬುಧವಾರ. ಹೋದವನು ಸಂಗಪ್ಪ ಒಬ್ಬನೇ. ಬೇರೆ ಯಾರನ್ನೂ ನಾವು ಆ ಬಾಗಿಲು ದಾಟಿ ಹೋಗಲು ಬಿಡಲಿಲ್ಲ.